ರಾಯದುರ್ಗದ ಹುಡುಗಿಗೆ ಕರಿಕೋಟು ತೊಡಿಸುವವರು ಯಾರು?

ರಾಯದುರ್ಗವನ್ನಾಗಲಿ ಮಡಕಶಿರವನ್ನಾಗಲಿ ಕಣ್ಣಾರೆ ಕಂಡವರು ನಮ್ಮ ಓದುಗರಲ್ಲಿ ಕೆಲವೇ ಮಂದಿ ಇರಬಹುದು. ಆದರೂ ಆ ಊರುಗಳ ಕತೆ ನಮಗೆ ಹೊಸತಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಮಿಕ್ಕದ್ದು ಮೈಸೂರಿಗೆ ಬಂತು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಲಾಯಿತು. ತುಮಕೂರು ಜಿಲ್ಲೆಗೆ ಒತ್ತಿಕೊಂಡಿರುವ ಮಡಕಶಿರವಂತೂ ಮೊದಲಿನಿಂದಲೂ ಅನಂತಪುರದ್ದೇ. 2022ರಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಅದು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಆಂಧ್ರಕ್ಕೆ ಹೋದ ಮೂರು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಬಂತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರ ತಾಲೂಕುಗಳೆಂದು ಹೆಸರಿಸಿರುವ ಪಟ್ಟಿಯಲ್ಲಿ ಅವರೂ ನಾವೂ ಒಟ್ಟಿಗೇ ಇದ್ದೇವೆ. ಆದುದರಿಂದ ಅವರ ವಿಷಯವಾಗಿ ಎರಡು ಮಾತು ಬರೆಯುವುದು ನಮ್ಮ ವಿಷಯವನ್ನೇ ಬರೆದಂತೆ.

ಗಡಿನಾಡಿನ ಯಾವ ತಾಲೂಕು ಕೋರ್ಟಿನ ಅಂಗಳದಲ್ಲಾದರೂ ಕಾಣಸಿಗುವ ದೃಶ್ಯ ಒಂದಿದೆ. ಹಳ್ಳಿಯ ಹೆಂಗಸೊಬ್ಬಳು ಸೆರಗಿನಲ್ಲಿ ಮಡಚಿಟ್ಟ ಕಾಗದವನ್ನು ಬಿಡಿಸಿ ಹಿಡಿದು ನಿಂತಿರುತ್ತಾಳೆ. ಮನೆಯಲ್ಲಿ ಆಡುವುದು ಕನ್ನಡ. ಶಾಲೆಗೆ ಹೋಗಿದ್ದರೆ ಕಲಿತದ್ದೂ ಕನ್ನಡ. ಸಂತೆಯಲ್ಲಿ, ಬಸ್ಸಿನಲ್ಲಿ, ಜೀನ್ಸ್ ಹೊಲಿಯುವ ಮನೆಗಳಲ್ಲಿ ತೆಲುಗು ಮಾತಾಡಿ ರೂಢಿಯಿದೆ. ಆದರೆ ಬಾಯಲ್ಲಿ ಬರುವ ಭಾಷೆ ಬೇರೆ, ಕಾಗದದ ಮೇಲಿನ ಭಾಷೆ ಬೇರೆ. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರಂತೆ ಇವೆಯೆಂಬುದು ನಿಜ. ಹಾಗೆಂದು ನ್ಯಾಯಾಲಯದ ನೋಟೀಸನ್ನು ಅಂದಾಜಿನ ಮೇಲೆ ಓದಲು ಬರುವುದಿಲ್ಲ. ಕೊನೆಗೆ ಯಾರೋ ಒಬ್ಬರು, "ಇಲ್ಲಿ ಹೆಬ್ಬೆಟ್ಟು ಒತ್ತಮ್ಮಾ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ಅವಳು ಒತ್ತುತ್ತಾಳೆ. ಏನಕ್ಕೆ ಒತ್ತಿದೆನೆಂಬುದು ಅವಳಿಗೆ ತಿಳಿಯುವುದು ಹೊಲ ಕೈಬಿಟ್ಟ ಮೇಲೆ. ತೆಲುಗಿನ ಜಾಗದಲ್ಲಿ ಮಲಯಾಳವನ್ನು ಇಟ್ಟು ನೋಡಿದರೆ ಇದು ನಮ್ಮ ಕಡೆಯ ಕತೆಯೂ ಆಗುತ್ತದೆ.

ಇದರ ಬೆಲೆಯೇನೆಂಬುದನ್ನು ತಿಳಿಯಲು ಒಂದೇ ಒಂದು ಉದಾಹರಣೆ ಸಾಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ಕಾಯಿದೆ ಆಂಧ್ರದಲ್ಲಿ ಜಾರಿಗೆ ಬಂದದ್ದು 1985ರ ಸೆಪ್ಟೆಂಬರ್ 5ರಿಂದ. ಅದಕ್ಕೂ ಮೊದಲೇ ಮದುವೆಯಾದವರಿಗೆ ಆ ಹಕ್ಕು ಇರಲಿಲ್ಲ. ಕರ್ನಾಟಕದಲ್ಲಿ ಇದೇ ಬಗೆಯ ತಿದ್ದುಪಡಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅಂದರೆ ರಾಯದುರ್ಗದ ಹೆಣ್ಣುಮಗಳಿಗೆ ಬಳ್ಳಾರಿಯ ಹೆಣ್ಣುಮಗಳಿಗಿಂತ ಸುಮಾರು ಒಂಬತ್ತು ವರ್ಷ ಮೊದಲೇ ಈ ಹಕ್ಕು ಬಂದಿತ್ತು! ಗಡಿಯಾಚೆ ಹೋದುದರಿಂದ ಸಿಕ್ಕಿದ ಒಂದು ಲಾಭವದು. ಆದರೆ ಅದನ್ನು ಅವಳ ಮನೆಯ ಜಗಲಿಯಲ್ಲಿ ಕುಳಿತು ಕನ್ನಡದಲ್ಲಿ ಹೇಳುವವರು ಎಷ್ಟು ಮಂದಿ ಇದ್ದರು? ಅರಿಶಿನ ಕುಂಕುಮದ ಜತೆ ಒಂದು ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವ ಪದ್ಧತಿ ಗಡಿಯ ಎರಡೂ ಕಡೆ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ವರ ಕೊಟ್ಟದ್ದು ಶಾಸನಸಭೆ. ಅದು ಮನೆಬಾಗಿಲಿಗೆ ಮುಟ್ಟಲಿಲ್ಲ.

ಬಡವರಿಗೆ ಉಚಿತ ಕಾನೂನು ನೆರವು ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೆಯ ಕಲಮಿನಂತೆ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಯಾವ ಹೆಂಗಸಾದರೂ ಕೇಳಿದರೆ ವಕೀಲರ ಫೀಸನ್ನು ಪ್ರಾಧಿಕಾರವೇ ಕೊಡಬೇಕು. ಕಾಯಿದೆ ಒಳ್ಳೆಯದೇ. ಆದರೆ ವಕೀಲರನ್ನು ಗೊತ್ತುಮಾಡಿದ ಮಾತ್ರಕ್ಕೆ ಕಕ್ಷಿಗಾರಳು ತನ್ನ ಮನೆಯ ದುಃಖವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಬಲ್ಲಳೆಂದು ಅರ್ಥವಲ್ಲ. ಗಂಡನ ಹೊಡೆತವನ್ನೂ ಅತ್ತೆಮನೆಯ ಮಾತನ್ನೂ ಅಪರಿಚಿತ ಗಂಡಸಿನ ಮುಂದೆ, ಅರೆಬರೆ ಬರುವ ಭಾಷೆಯಲ್ಲಿ ಹೇಳು ಎಂದರೆ ಯಾವ ಹೆಣ್ಣು ಬಾಯಿಬಿಟ್ಟಾಳು?

ಇನ್ನು ಕೋರ್ಟಿನ ಭಾಷೆಯನ್ನೇ ಬದಲಿಸಬಾರದೇ ಎಂಬ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮಿನಂತೆ ಕೆಳ ನ್ಯಾಯಾಲಯಗಳ ಭಾಷೆ ಯಾವುದೆಂದು ಗೊತ್ತುಮಾಡುವುದು ರಾಜ್ಯ ಸರಕಾರ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಈ ಹಕ್ಕನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಅದಕ್ಕಾಗಿ ಹೋರಾಡುವವರು ಹೋರಾಡಲಿ. ಆದರೆ ಆ ಹೋರಾಟ ಮುಗಿಯುವತನಕ ಕಾಗದ ಹಿಡಿದು ನಿಂತ ಹೆಂಗಸು ಕಾಯುತ್ತಿರಬೇಕೇ? ಕೋರ್ಟಿನ ಭಾಷೆಯನ್ನು ನಾಳೆಯೇ ಬದಲಿಸಲಾರೆವು. ಕೋರ್ಟಿಗೂ ಅವಳಿಗೂ ನಡುವೆ ನಿಲ್ಲುವ ವಕೀಲೆಯೊಬ್ಬಳನ್ನು ಐದಾರು ವರ್ಷಗಳಲ್ಲಿ ತಯಾರು ಮಾಡಬಲ್ಲೆವು. ಆ ವಕೀಲೆ ರಾಯದುರ್ಗದ ಹುಡುಗಿಯೇ ಆಗಿರಬೇಕು, ಮಡಕಶಿರದ ಹುಡುಗಿಯೇ ಆಗಿರಬೇಕು. ಕನ್ನಡ ತಾಯಿಯಿಂದ ಬಂದಿರಬೇಕು, ತೆಲುಗನ್ನು ಓದಿ ಬರೆಯಲು ಕಲಿತಿರಬೇಕು.

ಇಲ್ಲಿಯೇ ನಮ್ಮ ಸೂಚನೆ ಬರುತ್ತದೆ. ಅಮೆರಿಕದ ಲಾಸ್ ಏಂಜಲಿಸ್ ನಗರದ ವಕೀಲೆಯರು 1919ರಷ್ಟು ಹಿಂದೆಯೇ ಸಂಘ ಕಟ್ಟಿಕೊಂಡಿದ್ದರು. ಆ ದೇಶದ ಹಲವು ಊರುಗಳಲ್ಲಿ ಇಂತಹ ಸಂಘಗಳು ದತ್ತಿನಿಧಿಗಳನ್ನು ಇಟ್ಟಿವೆ. ನಿಧಿಗೆ ಎರಡು ಕೈ: ಒಂದು ಕೈ ಊರಿನ ಸಮಾಜಸೇವಾ ಸಂಸ್ಥೆಗಳಿಗೆ ಸಣ್ಣ ಸಣ್ಣ ಅನುದಾನ ಕೊಡುತ್ತದೆ, ಇನ್ನೊಂದು ಕೈ ಕಾನೂನು ಓದುವವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ನಮ್ಮ ದೇಶದಲ್ಲಿಯೂ ದಾರಿ ತೋರಿದವರು ಇಲ್ಲದಿಲ್ಲ. ಕೇರಳದವರೇ ಆದ ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಆರಂಭಿಸಿದ 'ಇಡಿಯಾ' ಎಂಬ ಸಂಸ್ಥೆ ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳನ್ನು ಹುಡುಕಿ, ತರಬೇತು ಕೊಟ್ಟು, ದೊಡ್ಡ ಕಾನೂನು ಶಾಲೆಗಳಿಗೆ ಸೇರಿಸುವ ಕೆಲಸಕ್ಕೆ ಕೈಹಾಕಿತು. ಬಷೀರರು 2019ರಲ್ಲಿ ತೀರಿಕೊಂಡರು. ಅವರು ತೋರಿದ ದಾರಿ ಉಳಿದಿದೆ. ಆದರೆ ದೊಡ್ಡ ಕಾನೂನು ಶಾಲೆ ಸೇರಿದವರು ತಾಲೂಕು ಕೋರ್ಟಿಗೆ ಹಿಂದಿರುಗುವುದು ಅಪರೂಪ. ನಮಗೆ ಬೇಕಾದದ್ದು ಹಿಂದಿರುಗುವವರು.

ಬೆಂಗಳೂರು, ಬಳ್ಳಾರಿ, ತುಮಕೂರು, ಮಂಗಳೂರು, ಕಾಸರಗೋಡುಗಳ ಕನ್ನಡದ ವಕೀಲೆಯರು ಒಂದು ನಿಧಿಯನ್ನು ಕಟ್ಟಲಿ. ಲೆಕ್ಕ ದೊಡ್ಡದೇನಲ್ಲ. ನೂರು ಮಂದಿ ತಿಂಗಳಿಗೆ 200 ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 2 ಲಕ್ಷ 40 ಸಾವಿರ ರೂಪಾಯಿ. ನಾಲ್ಕು ಹುಡುಗಿಯರಿಗೆ ತಲಾ 40 ಸಾವಿರ ವಿದ್ಯಾರ್ಥಿವೇತನ ಕೊಟ್ಟರೂ 80 ಸಾವಿರ ಉಳಿಯುತ್ತದೆ. ಅದರಲ್ಲಿ ತಲಾ 20 ಸಾವಿರದಂತೆ ನಾಲ್ಕು ಮಹಿಳಾ ಮಂಡಲಗಳಿಗೋ ಸ್ವಸಹಾಯ ಗುಂಪುಗಳಿಗೋ ಅನುದಾನ ಕೊಡಬಹುದು. ರೊಳ್ಳ, ಅಗಳಿ, ಅಮರಾಪುರ, ಡಿ. ಹಿರೇಹಾಳದಂತಹ ಕಡೆ ವಾರಕ್ಕೊಂದು ಸಂಜೆ ಒಬ್ಬರು ಕುಳಿತು, ಬಂದವರ ಕಾಗದವನ್ನು ಓದಿ ಕನ್ನಡದಲ್ಲಿ ಹೇಳಿ, ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಟ್ಟರೆ ಅಷ್ಟೇ ಸಾಕು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ.

ವಿದ್ಯಾರ್ಥಿವೇತನ ಯಾವುದಕ್ಕೆ ಬೇಕೆಂಬುದನ್ನೂ ಯೋಚಿಸಬೇಕು. ವಕೀಲರಾಗಿ ನೋಂದಾಯಿಸಿಕೊಳ್ಳುವ ಶುಲ್ಕವೇ ಕೆಲವು ರಾಜ್ಯಗಳಲ್ಲಿ ಹತ್ತಾರು ಸಾವಿರ ರೂಪಾಯಿ ಇತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಕಾಯಿದೆಯಲ್ಲಿ ಹೇಳಿದ 750 ರೂಪಾಯಿಗಿಂತಲೂ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತಲೂ ಹೆಚ್ಚು ತೆಗೆದುಕೊಳ್ಳಕೂಡದೆಂದು ತೀರ್ಪಿತ್ತಿತು. ಆ ಹೊರೆ ಇಳಿಯಿತು. ಇಳಿಯದ ಹೊರೆಯೆಂದರೆ ಹಾಸ್ಟೆಲು, ಬಸ್ಸು, ಪುಸ್ತಕ. ಅದಕ್ಕಿಂತಲೂ ಹೆಚ್ಚಾಗಿ ಪದವಿಯ ನಂತರದ ಮೊದಲ ಮೂರು ವರ್ಷ. ಹೊಸ ವಕೀಲೆಗೆ ಆಗ ಸಂಪಾದನೆ ಇರುವುದಿಲ್ಲ. ಆಂಧ್ರ ಸರಕಾರ 2019ರಲ್ಲಿ ಹೊಸ ವಕೀಲರಿಗೆ ಮೂರು ವರ್ಷ ತಿಂಗಳಿಗೆ 5000 ರೂಪಾಯಿ ಕೊಡುವ ಯೋಜನೆ ತಂದಿತ್ತು. ಕಿರಿಯ ವಕೀಲರಿಗೆ ಹಳ್ಳಿಗಾಡಿನಲ್ಲಿ 15 ಸಾವಿರ, ಪಟ್ಟಣಗಳಲ್ಲಿ 20 ಸಾವಿರ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಿತು. ಸಲಹೆ ಸರಿಯೇ; ತಾಲೂಕು ಕೋರ್ಟಿನ ಹಿರಿಯ ವಕೀಲರಲ್ಲಿ ಅಷ್ಟು ಕೊಡಬಲ್ಲವರು ಎಷ್ಟು ಮಂದಿ? ಗಂಡುಹುಡುಗನಾದರೆ ಮನೆಯವರು ಹೇಗೋ ಮೂರು ವರ್ಷ ತಾಳುತ್ತಾರೆ. ಹೆಣ್ಣುಹುಡುಗಿಯಾದರೆ ಆ ಮೂರು ವರ್ಷಗಳಲ್ಲೇ ಮದುವೆಯ ಮಾತು ಎದ್ದು ಕರಿಕೋಟು ಪೆಟ್ಟಿಗೆ ಸೇರುತ್ತದೆ. ದೇಶದ ಸುಮಾರು 17 ಲಕ್ಷ ವಕೀಲರಲ್ಲಿ ಹೆಂಗಸರು ಶೇ. 15 ಮಾತ್ರ ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2021ರಲ್ಲಿ ಹೇಳಿದ್ದರು. ಆದುದರಿಂದ ನಿಧಿಯ ಹಣ ಕಾಲೇಜಿನ ಬಾಗಿಲಲ್ಲಿ ನಿಲ್ಲದೆ ಆ ಮೂರು ವರ್ಷಗಳವರೆಗೂ ಹೋಗಬೇಕು.

ಓದಲು ಎಲ್ಲಿಗೆ ಹೋಗಬೇಕು? ರಾಯದುರ್ಗಕ್ಕೆ ಬಳ್ಳಾರಿ ಹತ್ತಿರ. ಅಲ್ಲಿ ವೀರಶೈವ ವಿದ್ಯಾವರ್ಧಕ ಸಂಘದ ಕಾನೂನು ಕಾಲೇಜಿದೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯದ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ವಕೀಲರ ಕಾಯಿದೆಯ 30ನೆಯ ಕಲಮು 2011ರಿಂದ ಜಾರಿಗೆ ಬಂದಿರುವುದರಿಂದ, ಒಂದು ರಾಜ್ಯದಲ್ಲಿ ನೋಂದಾಯಿಸಿದವರು ದೇಶದ ಯಾವ ಕೋರ್ಟಿನಲ್ಲಾದರೂ ವಕೀಲಿ ಮಾಡಬಹುದು. ಬಳ್ಳಾರಿಯಲ್ಲಿ ಓದಿದವಳು ರಾಯದುರ್ಗದಲ್ಲಿ ನಿಲ್ಲಲು, ಮಂಗಳೂರಿನಲ್ಲಿ ಓದಿದವಳು ಕಾಸರಗೋಡಿನಲ್ಲಿ ನಿಲ್ಲಲು ಅಡ್ಡಿಯಿಲ್ಲ. ಎರಡೂ ಕಡೆಯ ಕಾಯಿದೆ ತಿಳಿದವಳು ಗಡಿಯಲ್ಲಿ ಬೇಕೇ ಬೇಕು. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ 2017ರ ತಿದ್ದುಪಡಿಯಂತೆ ಮೊದಲಿನಿಂದಲೇ ಅಸಿಂಧು. ಕೇಂದ್ರದ ಮೂಲ ಕಾಯಿದೆಯಂತಾದರೆ ಅದನ್ನು ರದ್ದುಪಡಿಸಲು ಅವಳೇ ಕೋರ್ಟಿಗೆ ಹೋಗಬೇಕು, ಅದೂ ಗೊತ್ತಾದ ಅವಧಿಯೊಳಗೆ. ಮಡಕಶಿರದಿಂದ ಶಿರಾಕ್ಕೆ ಕೊಟ್ಟ ಹುಡುಗಿಯ ಪಾಡೇನೆಂದು ಹೇಳಬಲ್ಲವರು ಎರಡನ್ನೂ ಓದಿದವರು ಮಾತ್ರ.

ಆಕ್ಷೇಪಗಳಿಗೂ ಉತ್ತರ ಹೇಳಬೇಕು. "ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ, ಹೆಣ್ಣುಮಕ್ಕಳನ್ನು ಅಲ್ಲಿಗೇಕೆ ಎಳೆಯುವಿರಿ?" ಎಂದು ಹಿರಿಯರು ಕೇಳಿಯಾರು. ಸರಿಯಾದ ಹೊತ್ತಿಗೆ ಕಾಗದ ಓದಿ ಹೇಳುವವರಿದ್ದರೆ ಎಷ್ಟೋ ವ್ಯಾಜ್ಯಗಳು ಕೋರ್ಟಿನ ಮೆಟ್ಟಲು ಹತ್ತುವುದೇ ಇಲ್ಲ. "ಹಣ ಕೊಡುವ ವಕೀಲೆಯರು ಕೇಸು ಹಿಡಿಯಲು ಈ ದಾರಿ ಮಾಡಿಕೊಂಡರೆ?" ಎಂಬ ಸಂಶಯ ಹೆಚ್ಚು ನ್ಯಾಯವಾದದ್ದು. ಆದುದರಿಂದ ನಿಧಿಗೆ ಹಣ ಕೊಟ್ಟವರು ಅನುದಾನ ಪಡೆದ ಸಂಸ್ಥೆಯಿಂದ ಒಂದು ಕೇಸನ್ನೂ ತೆಗೆದುಕೊಳ್ಳಬಾರದೆಂದು ಮೊದಲ ನಿಯಮದಲ್ಲೇ ಬರೆಯಬೇಕು. ವರ್ಷದ ಲೆಕ್ಕವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು. ಆಯ್ಕೆಯಲ್ಲಿ ಜಾತಿ, ಮತ, ನೆಂಟಸ್ತಿಕೆ ಇಣುಕಬಾರದು. ವಿದ್ಯಾರ್ಥಿವೇತನ ಪಡೆದವಳು ಕೆಲವು ವರ್ಷವಾದರೂ ತನ್ನ ತಾಲೂಕು ಕೋರ್ಟಿನಲ್ಲಿ ನಿಲ್ಲುವೆನೆಂದು ಮಾತು ಕೊಡಬೇಕು. ಮಾತು ತಪ್ಪಿದರೆ? ಒಬ್ಬಿಬ್ಬರು ತಪ್ಪಿಯಾರು. ನಾಲ್ವರಲ್ಲಿ ಇಬ್ಬರು ನಿಂತರೂ ಆ ಕೋರ್ಟಿನ ಅಂಗಳ ಬೇರೆಯದೇ ಆಗುತ್ತದೆ.

ಇದು ತೆಲುಗಿನ ಮೇಲಿನ ಹಗೆಯೆಂದು ಯಾರೂ ತಿಳಿಯಬಾರದು. ತೆಲುಗು ಚೆನ್ನಾಗಿ ಬಾರದ ವಕೀಲೆಯಿಂದ ಆ ಹೆಂಗಸಿಗೆ ಮೂರು ಕಾಸಿನ ಉಪಯೋಗವಿಲ್ಲ. ನೆರೆಯ ಭಾಷೆಯನ್ನು ಬಲ್ಲವರಿಂದಲೇ ನಮ್ಮ ಭಾಷೆಯವರಿಗೆ ರಕ್ಷಣೆ ಎಂಬುದನ್ನು ಕಾಸರಗೋಡಿನ ನಾವು ಇಷ್ಟು ವರ್ಷಗಳ ಅನುಭವದಿಂದ ಹೇಳಬಲ್ಲೆವು.

ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ ಮಂಜುಳಾ ಚೆಲ್ಲೂರ್ ಅವರು 2012ರಲ್ಲಿ ನಮ್ಮ ಕೇರಳದ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. ಬಳ್ಳಾರಿಯಿಂದ ಕೊಚ್ಚಿಯವರೆಗೆ ಬರಲು ಕನ್ನಡದ ಹೆಣ್ಣುಮಗಳಿಗೆ ಸಾಧ್ಯವಾಯಿತು. ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವುದು ಅದಕ್ಕಿಂತ ಕಷ್ಟವಾಗಬಾರದು. ಇದನ್ನು ಓದುವ ವಕೀಲೆಯರು ತಮ್ಮ ಬಾರ್ ಅಸೋಸಿಯೇಶನ್ನಿನ ಗೆಳತಿಯರೊಡನೆ ಮಾತಾಡಲಿ. ಹೆಣ್ಣುಮಕ್ಕಳನ್ನು ಓದಿಸುತ್ತಿರುವ ತಂದೆತಾಯಂದಿರು ಡಾಕ್ಟರು, ಇಂಜಿನಿಯರುಗಳ ಸಾಲಿನಲ್ಲಿ ಈ ವೃತ್ತಿಯನ್ನೂ ಒಮ್ಮೆ ನೆನೆಯಲಿ. ಸೆರಗಿನಲ್ಲಿ ಕಾಗದ ಕಟ್ಟಿಕೊಂಡು ಬರುವ ಹೆಂಗಸು ನಾಳೆಯೂ ಕೋರ್ಟಿನ ಅಂಗಳಕ್ಕೆ ಬಂದೇ ಬರುತ್ತಾಳೆ. "ಕೊಡಮ್ಮಾ, ಓದಿ ಹೇಳುತ್ತೇನೆ" ಎನ್ನುವವಳೊಬ್ಬಳು ಅಲ್ಲಿರುವಂತೆ ಮಾಡುವುದು ನಮ್ಮ ಕೈಯಲ್ಲಿದೆ.