ಕೆಲಸ ಸರ್ಕಾರದ್ದು, ಬೈಕು ಸ್ವಂತದ್ದು: ಖರ್ಚು ಯಾರದ್ದು?

ಕೊಡಿಗೇನಹಳ್ಳಿ: ಮಧುಗಿರಿ ತಾಲ್ಲೂಕಿನ ಈ ಗಡಿ ಹೋಬಳಿಯಲ್ಲಿ ಬಸ್ಸು ರಸ್ತೆಗೆ ಬಂದೀತು, ಹೊಲದ ಬದುವಿಗೆ ಬಾರದು. ಬೆಳೆಹಾನಿ ನೋಡಬೇಕು, ಪೌತಿ ಖಾತೆಗೆ ವಿಚಾರಣೆ ಮಾಡಬೇಕು, ಪಿಂಚಣಿ ಅರ್ಜಿ ಹಾಕಿದ ಅಜ್ಜಿಯ ಮನೆ ಹುಡುಕಬೇಕು ಅಂದರೆ ಹಿಂದೆ ಗ್ರಾಮಲೆಕ್ಕಿಗ ಎನಿಸಿಕೊಂಡಿದ್ದ ಇಂದಿನ ಗ್ರಾಮ ಆಡಳಿತ ಅಧಿಕಾರಿಗೆ ಸ್ವಂತ ಬೈಕೇ ಗತಿ.

ಈ ನೌಕರರು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಮೇಜು, ಕುರ್ಚಿ, ಲ್ಯಾಪ್‌ಟಾಪ್ ಜತೆಗೆ ಪ್ರಯಾಣ ಭತ್ಯೆ ಹೆಚ್ಚಿಸಿ ಎಂಬುದೂ ಬೇಡಿಕೆಯಾಗಿತ್ತು. "ಸಂಬಳ ಬರಲ್ವೇ, ಇದೇನು ಗೋಳು?" ಎಂದವರುಂಟು. ಲೆಕ್ಕ ಹಾಕಿ ನೋಡೋಣ.

2024ರ ಜೂನ್ 15ರಂದು ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲು ಲೀಟರಿಗೆ 3 ರೂ. ಜಾಸ್ತಿಯಾಗಿ ಬೆಂಗಳೂರಿನಲ್ಲಿ 102 ರೂ. ದಾಟಿತು. ಲೀಟರಿಗೆ 50 ಕಿ.ಮೀ. ಕೊಡುವ ಬೈಕಾದರೆ ಕಿ.ಮೀ.ಗೆ 2 ರೂ. ಪೆಟ್ರೋಲಿಗೇ ಹೋಯಿತು. ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಎಡವುವುದೂ ಇಲ್ಲೇ. ಆಯಿಲು, ಸರ್ವೀಸು, ಟೈರು, ಚೈನು, ಇನ್ಶೂರೆನ್ಸಿಗೆ ಅಂದಾಜು ಅರ್ಧ ರೂಪಾಯಿ. 90 ಸಾವಿರದ ಗಾಡಿ 90 ಸಾವಿರ ಕಿ.ಮೀ. ಓಡಿ ಮೂಲೆ ಸೇರಿತು ಅನ್ನಿ, ಸವಕಲು ಬಾಬ್ತು ಇನ್ನೊಂದು ರೂಪಾಯಿ. ಒಟ್ಟು ಮೂರೂವರೆ! ದಿನಕ್ಕೆ 40 ಕಿ.ಮೀ.ನಂತೆ 20 ದಿನ ಸುತ್ತಿದರೆ ತಿಂಗಳಿಗೆ 2,800 ರೂ.

ಖರ್ಚು ತಾಳಲಾರದೆ ಸಾರಿಗೆ ನಿಗಮಗಳು 2025ರ ಜನವರಿ 5ರಿಂದ ಬಸ್ ದರವನ್ನು ಶೇ. 15ರಷ್ಟು ಏರಿಸಿಕೊಂಡವು. ಬೈಕಿನವನು ಯಾರ ಮೇಲೆ ಏರಿಸಬೇಕು? ನಿಗದಿತ ಭತ್ಯೆ ಪೆಟ್ರೋಲಿನ ಹಿಂದೆ ಓಡುವುದಿಲ್ಲ. "ಪೆಟ್ರೋಲಿಗೆ ಅಂತ ಏನಾದ್ರೂ ನೋಡ್ಕೊಳ್ಳಿ" ಎಂಬ ಮಾತು ಹುಟ್ಟುವುದೇ ಈ ಸಂದಿಯಲ್ಲಿ. ಎಲ್ಲರೂ ಕೇಳುತ್ತಾರೆಂದಲ್ಲ. ಕೇಳುವವನಿಗೆ ನೆಪ ಸಿಕ್ಕಿತು, ಕೇಳದ ಪ್ರಾಮಾಣಿಕ ಕೈಯಿಂದ ಕಳೆದುಕೊಂಡ. ಎರಡರಲ್ಲೂ ಸೊರಗುವವನು ಕಡಲೆಕಾಯಿ ಬೆಳೆದ ರೈತ.

ಹಾಗಂತ ಎಲ್ಲರಿಗೂ ಒಂದೇ ಸಮ ಭತ್ಯೆ ಏರಿಸಿದರೆ ಕುರ್ಚಿ ಬಿಟ್ಟು ಏಳದವನಿಗೂ ಅಷ್ಟೇ, ಊರೂರು ಸುತ್ತುವವನಿಗೂ ಅಷ್ಟೇ. ಸುತ್ತಿದ ಕಿ.ಮೀ.ಗೆ ತಕ್ಕ ದರ, ದರಕ್ಕೆ ಪೆಟ್ರೋಲು ಬೆಲೆಯ ನಂಟು, ಇದೇ ನ್ಯಾಯ. ಹೊಲದಲ್ಲಿ ತೆಗೆದ ಫೋಟೋದ ಜಾಗ ಹೇಗೂ ಮೊಬೈಲಿನಲ್ಲಿ ದಾಖಲಾಗುತ್ತದೆ.

ಅಂಗಡಿ ಸಾಹುಕಾರರೂ ಗಮನಿಸಬೇಕು. ವಸೂಲಿಗೆ ಹುಡುಗನನ್ನು ಅವನದೇ ಬೈಕಿನಲ್ಲಿ ಅಟ್ಟಿ, ಕೈಗೆ ಪೆಟ್ರೋಲು ಕಾಸು ಮಾತ್ರ ಇಟ್ಟರೆ ಲೆಕ್ಕ ಚುಕ್ತಾ ಆಗಲಿಲ್ಲ. ಟೈರು ಸವೆಯುವುದು ಹುಡುಗನದ್ದು, ಬಾಕಿ ಬಂದು ಬೀಳುವುದು ಸಾಹುಕಾರರ ಗಲ್ಲಾಕ್ಕೆ!