ಬಾಯಿ ತೆರೆಯುವ ಮೊದಲೇ ಹೊರಿಸಿದ ಪಕ್ಷ

ಶಿವಮೊಗ್ಗ, ಭದ್ರಾವತಿಯ ಬಂಧುಗಳೇ,

ಕಾವೇರಿ ಗಲಾಟೆ ಎದ್ದಾಗಲೆಲ್ಲ ಭದ್ರಾವತಿಯ ಕೆಲವು ಮನೆಗಳಲ್ಲಿ ತಮಿಳು ವಾರ್ತೆಯ ಸದ್ದು ಸಣ್ಣದಾಗುತ್ತದೆ. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಗೆ ಕೂಲಿ ಹುಡುಕಿಕೊಂಡು ಬಂದವರ ಮೊಮ್ಮಕ್ಕಳ ಮನೆಗಳು ಅವು. ಅವರು ಕುಡಿಯುವುದು ಭದ್ರೆಯ ನೀರು. ಕಾವೇರಿ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಮನೆಮಾತು ತಮಿಳು ಎಂದು ಗೊತ್ತಾದರೆ ಸಾಕು, 'ಆ ಕಡೆಯವರು' ಎಂದಾಯಿತು. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಕೈಮಾಡಿದವರೂ ಅಭಿಪ್ರಾಯ ಕೇಳಿ ಹೊಡೆಯಲಿಲ್ಲ.

ಇದೇ ರೋಗ ಉಲ್ಬಣಿಸಿದ್ದು 1983ರ ಜುಲೈನ ಕೊಲಂಬೊದಲ್ಲಿ. ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ ಗುರುತಿಸಿ ಬೆಂಕಿ ಇಟ್ಟವು. ಪಟ್ಟಿಯಲ್ಲಿದ್ದದ್ದು ಹೆಸರು ಮಾತ್ರ. ಹೆಸರು ತಮಿಳಾದರೆ ಪ್ರತ್ಯೇಕ ರಾಷ್ಟ್ರಕ್ಕಾಗಿ ಬಂದೂಕು ಹಿಡಿದ ತಮಿಳು ಹುಲಿಗಳ ಕಡೆಯವನು ಎಂದೇ ಲೆಕ್ಕ. ಹುಲಿಗಳ ನಾಯಕ ಪ್ರಭಾಕರನ್ ಹೆಸರು ಕೇಳಿದರೆ ಉರಿದುಬೀಳುವ ಮೇಷ್ಟರ ಮನೆಗೂ ಅದೇ ಬೆಂಕಿ.

ಇಂಥ ಬೆಂಕಿಗೆ ಹೆದರಿ ಬೇರೆ ದೇಶಕ್ಕೆ ಓಡಿಬಂದು ಆಶ್ರಯ ಕೋರುವವನನ್ನು ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಏನು? 'ನೀನು ಯಾವ ಸಂಘಟನೆ?' ಯಾವುದೂ ಅಲ್ಲ ಎಂದರೆ, ಹಾಗಿದ್ದರೆ ಭಯ ಯಾಕೆ, ವಾಪಸ್ ಹೋಗು. ಹೌದು ಎಂದರೆ ಉಗ್ರ, ಜೈಲಿಗೆ ಹೋಗು. ಎರಡೂ ಬಾಗಿಲು ಬಂದ್! ಪ್ರಶ್ನೆಯೇ ತಪ್ಪು. ಅವನ ಮನಸ್ಸಿನಲ್ಲಿ ಏನಿದೆ ಎಂಬುದಕ್ಕಿಂತ, ಬೆನ್ನಟ್ಟಿದವನು ಅವನನ್ನು ಏನೆಂದುಕೊಂಡಿದ್ದಾನೆ ಎಂಬುದನ್ನು ಕೇಳಬೇಕು. ಕೆನಡಾದ ಸುಪ್ರೀಂ ಕೋರ್ಟ್ 1993ರ ವಾರ್ಡ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಹೊರಿಸಿದ ಅಭಿಪ್ರಾಯ ಅವನದ್ದೇ ಆಗಿರಬೇಕಾಗಿಲ್ಲ.

ನಮ್ಮಲ್ಲಿ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಹೊಸ ವಿದೇಶಿಯರ ಕಾಯ್ದೆಯಲ್ಲೂ ನಿರಾಶ್ರಿತ ಯಾರೆಂಬ ವ್ಯಾಖ್ಯೆ ಇಲ್ಲ. ಇರುವುದು ಗೃಹ ಸಚಿವಾಲಯ 2011ರಲ್ಲಿ ರಾಜ್ಯಗಳಿಗೆ ಕಳಿಸಿದ ಕಾರ್ಯವಿಧಾನ. ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಹಿಂಸೆಯ ಭಯ ಮೇಲ್ನೋಟಕ್ಕೆ ಕಂಡರೆ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬಹುದೆಂದು ಅದು ಹೇಳುತ್ತದೆ. ಒಳ್ಳೆಯ ಮಾತೇ, ಆದರೆ ಸುತ್ತೋಲೆಯ ಮಾತು. ಟಿಬೆಟನ್ನರಿಗೆ ಬೈಲುಕುಪ್ಪೆ, ಮುಂಡಗೋಡಿನಲ್ಲಿ ನೆಲ ಸಿಕ್ಕಿದ್ದೂ ಸರ್ಕಾರದ ಮನಸ್ಸಿನಿಂದ, ಕಾನೂನಿನಿಂದಲ್ಲ. 2019ರ ಪೌರತ್ವ ತಿದ್ದುಪಡಿ ಮೂರು ದೇಶ, ಆರು ಧರ್ಮ ಎಂದು ಎಣಿಸಿತು. ಜನಾಂಗದ ಕಾರಣಕ್ಕೆ ಓಡಿಬಂದ ಶ್ರೀಲಂಕಾ ತಮಿಳ ಆ ಎಣಿಕೆಯಲ್ಲಿಲ್ಲ.

2025ರ ಮೇನಲ್ಲಿ ಅಂಥ ಒಬ್ಬನ ಅರ್ಜಿ ಬಂದಾಗ (ಆತ ಶಿಕ್ಷೆ ಅನುಭವಿಸಿದವನು ಎಂಬುದನ್ನು ಮುಚ್ಚಿಡುವುದಿಲ್ಲ) ಭಾರತವೇನು ಧರ್ಮಶಾಲೆಯೇ ಎಂದು ಸುಪ್ರೀಂ ಕೋರ್ಟ್ ಪೀಠ ಕೇಳಿತು. ಸ್ವಾಮಿ, ಧರ್ಮಶಾಲೆಯಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಬಂದವನ ಊರು, ಹೆಸರು, ಬಂದ ಕಾರಣ ಬರೆದುಕೊಳ್ಳುತ್ತಾರೆ. ನಾವು ಕೇಳುತ್ತಿರುವುದು ಅಷ್ಟೇ.

ದಾಖಲೆ ಇಲ್ಲದೆ ಬಂದವರನ್ನು ನಂಬುವುದು ಹೇಗೆ ಎನ್ನುವವರು ಶರಾವತಿ ಮುಳುಗಡೆಯವರನ್ನು ವಿಚಾರಿಸಿ. ಲಿಂಗನಮಕ್ಕಿ ಅಣೆಕಟ್ಟೆಯ ನೀರೇರಿದಾಗ ಪಾತ್ರೆಪಗಡ, ದನಕರು ಲಾರಿಗೆ ತುಂಬಿ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಿಗೆ ಬಂದವರು ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಸರ್ಕಾರವೇ ಎಬ್ಬಿಸಿದವರ ಗತಿ ಇದು. ರಾತ್ರೋರಾತ್ರಿ ದೋಣಿ ಹತ್ತಿದವನ ಬಳಿ ಯಾವ ಪಹಣಿ ಇರುತ್ತದೆ?

ಉಗ್ರರು ನುಸುಳಿದರೆ ಎಂಬ ಭಯ ಸುಳ್ಳಲ್ಲ. ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಬೇಕು ಎನ್ನುವುದು ಅದಕ್ಕೇ. 1951ರ ಒಪ್ಪಂದವೂ ಯುದ್ಧಾಪರಾಧ ಎಸಗಿದವರನ್ನು ಹೊರಗಿಡುತ್ತದೆ. ಜನಾಂಗದ ಮೇಲೆ ಹೊರಿಸಿದ ಅನುಮಾನ ತಪ್ಪಿತಸ್ಥನನ್ನು ಹಿಡಿಯುವುದಿಲ್ಲ, ಅವನ ಊರಿನವರನ್ನೆಲ್ಲ ಹಿಡಿಯುತ್ತದೆ.

ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಸ್ಪಿ. ಅಂದರೆ ಈ ವಿಚಾರಣೆ ನಮ್ಮ ಊರಲ್ಲೇ ನಡೆಯಬಹುದಾದದ್ದು. ಅರ್ಜಿದಾರನ ಭಾಷೆ ಬಲ್ಲ ದುಭಾಷಿ ಬೇಕು. ಕಾರಣ ಬರೆದ ಆದೇಶ, ಅದರ ಪ್ರತಿ, ಮೇಲ್ಮನವಿಗೆ ಅವಕಾಶ ಬೇಕು. ತೀರ್ಮಾನ ಆಗುವವರೆಗೆ ಗಡೀಪಾರು ಕೂಡದು. ಇಷ್ಟನ್ನು ಕಾನೂನಾಗಿ ಮಾಡಿ ಎಂಬ ಮನವಿಯನ್ನು ಜಿಲ್ಲಾಧಿಕಾರಿ ಮೂಲಕ ಕೇಂದ್ರಕ್ಕೆ ಕಳಿಸುತ್ತಿದ್ದೇವೆ. ಈ ಕರಪತ್ರ ಕೊಟ್ಟವರ ಕೈಯಲ್ಲಿ ಸಹಿ ಹಾಳೆ ಇದೆ. ಕನ್ನಡ, ತಮಿಳು, ತೆಲುಗು, ಉರ್ದು, ಯಾವ ಲಿಪಿಯಲ್ಲಾದರೂ ಸಹಿ ಹಾಕಿ.