ಜಾಲಿಮುಳ್ಳಿನ ಆಚೆ

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು; ಅದು ದೇಶದ ಮೊದಲ ಕೋವಿಡ್ ಸಾವೆಂದು ಎರಡು ದಿನಗಳ ತರುವಾಯ ದೃಢಪಟ್ಟಿತು. ಪಕ್ಕದ ಯಾದಗಿರಿ ಜಿಲ್ಲೆಯ ವಡಗೇರಾ ಸೀಮೆಗೆ ರೋಗಕ್ಕಿಂತ ಮೊದಲು ಭಯ ತಲುಪಿತು. ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋದ ಕೂಲಿಕಾರರು ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡು ಊರಿನತ್ತ ಹೊರಟಾಗ, ರಾಜ್ಯದ ಅನೇಕ ಹಳ್ಳಿಗಳು ದಾರಿಗೆ ಮುಳ್ಳು ಕಡಿದು ಹಾಕಿದ್ದವು. ಮಲೆನಾಡೂ ಇದಕ್ಕೆ ಹೊರತಾಗಿರಲಿಲ್ಲ.

ಭಯಪಟ್ಟದ್ದು ತಪ್ಪಲ್ಲ, ಆ ವಾರಗಳಲ್ಲಿ ವೈದ್ಯರಿಗೂ ರೋಗದ ಸ್ವಭಾವ ಪೂರ್ತಿ ತಿಳಿದಿರಲಿಲ್ಲ. ಆದರೆ ಸಂತೆಯಿಂದ ತಂದ ದನವನ್ನು ಕೆಲವು ದಿನ ಬೇರೆ ಕಟ್ಟಿ, ಹುಲ್ಲು ನೀರು ಕೊಟ್ಟು ನೋಡುವ ಕ್ರಮ ರೈತನಿಗೆ ಹೊಸದೇ? ಸೋಂಕಿನ ಲಕ್ಷಣ ಕಾಣಲು 14 ದಿನಗಳವರೆಗೆ ಹಿಡಿಯಬಹುದಿತ್ತು. ಅಷ್ಟು ದಿನಕ್ಕೆ ಬೇಕಾದದ್ದು ಶಾಲೆಯ ಒಂದು ಕೋಣೆ, ರೊಟ್ಟಿ, ನೀರು. ಮುಳ್ಳು ಹಾಕಿದವರು ತಡೆದದ್ದು ತಮ್ಮ ಓಣಿಯ ಮಕ್ಕಳನ್ನೇ.